ಗೋಲ್ಡ್‌ಬರ್ಗ್ ವೇರಿಯೇಶನ್ಸ್: ಒಂದು 38 ನಿಮಿಷ, ಇನ್ನೊಂದು 107. ಯಾವುದು ಕೇಳೋದು?

ಶ್ರುತಿಪೆಟ್ಟಿಗೆ
ಜರ್ಮನಿಯ ಸಂಗೀತರಚನಕಾರ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಶನ್ಸ್ ಹುಡುಕಿದರೆ ಆಪ್‌ನಲ್ಲಿ ಸಾಲುಗಟ್ಟಿ ಬರುತ್ತವೆ. ಪಿಯಾನೊ ವಾದಕ ಗ್ಲೆನ್ ಗೌಲ್ಡ್ 1955ರದ್ದು 38 ನಿಮಿಷ ಚಿಲ್ಲರೆ. ಅದೇ ಗೌಲ್ಡ್ 1981ರದ್ದು 51. ಮರ್ರೆ ಪೆರಾಯ 73. ಝಾಂ ರೊಂಡೊ 107! ಕೃತಿ ಒಂದೇ ಆದರೆ ಇಷ್ಟು ಅಂತರ ಹೇಗೆ? ಚಿಕ್ಕದರಲ್ಲಿ ಏನಾದರೂ ಕತ್ತರಿಸಿದ್ದಾರಾ? ಮೊದಲ ಸಲ ಕೇಳೋರಿಗೆ ಯಾವುದು ಸರಿ? ಕರ್ನಾಟಕ ಸಂಗೀತದ ಸ್ವರಜ್ಞಾನ ಇದೆ, ಸ್ಟಾಫ್ ನೊಟೇಶನ್ ಓದಲು ಬರಲ್ಲ.

ಮಂದ್ರಸ್ಥಾಯಿ
ಸ್ವರ ಒಂದೂ ಕತ್ತರಿಸಿಲ್ಲ, ಬಿಟ್ಟಿರೋದು ಪುನರಾವರ್ತನೆ. ಇದರಲ್ಲಿ ಒಟ್ಟು 32 ತುಂಡು: ಮೊದಲು ಆರಿಯಾ ಅನ್ನೋ ಮೂಲ ತುಂಡು, ಆಮೇಲೆ ಅದರ ಮೇಲೆ ಕಟ್ಟಿದ 30 ವೇರಿಯೇಶನ್, ಕೊನೆಗೆ ಮತ್ತೆ ಆರಿಯಾ. ಪ್ರತಿಯೊಂದೂ ಎರಡು ಭಾಗ. ಒಂದೊಂದು ಭಾಗವನ್ನೂ ಎರಡೆರಡು ಸಲ ನುಡಿಸಿ ಅಂತ ಬಾಖ್ ಗುರುತು ಹಾಕಿದ್ದಾನೆ. ಅಂದರೆ ಪಲ್ಲವಿ ಎರಡು ಸಲ, ಚರಣ ಎರಡು ಸಲ ಅನ್ನೋ ಹಾಗೆ.

ಗೌಲ್ಡ್ 1955ರಲ್ಲಿ ಒಂದನ್ನೂ ಮರಳಿ ನುಡಿಸಲಿಲ್ಲ. 1981ರಲ್ಲಿ ಕ್ಯಾನನ್‌ಗಳಲ್ಲೂ (ಒಂದು ಧ್ವನಿಯನ್ನು ಇನ್ನೊಂದು ಹಿಂಬಾಲಿಸುವ ತುಂಡುಗಳು) ಇನ್ನು ಕೆಲವದರಲ್ಲೂ ಮೊದಲ ಭಾಗ ಮಾತ್ರ ಎರಡು ಸಲ ಇದೆ. ಗುಸ್ಟಾವ್ ಲಿಯೊನ್‌ಹಾರ್ಟ್ 1978ರಲ್ಲಿ ಎಲ್ಲವನ್ನೂ ಒಂದೇ ಸಲ ನುಡಿಸಿದ್ದಾರೆ, 47 ನಿಮಿಷ. ಟ್ರೆವರ್ ಪಿನ್ನಕ್ 1980ರಲ್ಲಿ ಕೆಲವನ್ನು ಇಟ್ಟುಕೊಂಡು ಕೆಲವನ್ನು ಬಿಟ್ಟರು, ಸುಮಾರು ಒಂದು ಗಂಟೆ. ಎಲ್ಲವನ್ನೂ ಮರಳಿ ನುಡಿಸಿದರೆ ಸಾಮಾನ್ಯ ಕಾಲಪ್ರಮಾಣದಲ್ಲಿ 70ರಿಂದ 80 ನಿಮಿಷ ಹಿಡಿಯುತ್ತದೆ. ಒಂದು ಎಲ್‌ಪಿಯ ಎರಡೂ ಮಗ್ಗುಲು ಸೇರಿಸಿದರೆ ಸುಮಾರು 50 ನಿಮಿಷ. ಸಿ.ಡಿ.ಯಲ್ಲಿ 74, ಆಮೇಲೆ 80. ಎಲ್ಲ ಪುನರಾವರ್ತನೆ ಇರುವ ಧ್ವನಿಮುದ್ರಣ ಒಂದೇ ತಟ್ಟೆಯಲ್ಲಿ ಹಿಡಿಸಿದ್ದು ಸಿ.ಡಿ. ಬಂದ ಮೇಲೆ.

ಪಂಚಮವೇದ
ಇಲ್ಲೊಂದು ತಮಾಷೆ ಲೆಕ್ಕ. ಗೌಲ್ಡ್ 1955 ಅಂದರೆ ಬಿರುಗಾಳಿ ವೇಗ ಅಂತ ಎಲ್ಲರೂ ಹೇಳ್ತಾರೆ. 38½ನ್ನು ಎರಡರಿಂದ ಗುಣಿಸಿ, 77 ಬಂತು. ಪೆರಾಯನ 73ಕ್ಕಿಂತ ಜಾಸ್ತಿ! ವೇಗದ ವೇರಿಯೇಶನ್‌ಗಳಲ್ಲಿ ಉಳಿಸಿದ ಸಮಯವನ್ನೆಲ್ಲ ಗೌಲ್ಡ್ 25ನೆಯದರಲ್ಲಿ ಖರ್ಚು ಮಾಡಿಬಿಟ್ಟಿದ್ದಾನೆ. ಮರಳಿ ನುಡಿಸದೆಯೇ ಅದೊಂದಕ್ಕೇ ಆರೂವರೆ ನಿಮಿಷದ ಹತ್ತಿರ. ಒಟ್ಟು ಅವಧಿ ನೋಡಿ ವೇಗ ಊಹಿಸೋದು ಮೋಸ. ಹೋಲಿಸಬೇಕಾದರೆ ಒಂದೇ ಟ್ರ್ಯಾಕ್ ತಗೊಳ್ಳಿ, ಪುನರಾವರ್ತನೆ ಇದೆಯಾ ನೋಡಿ, ಆಮೇಲೆ ಅಳೆಯಿರಿ.

ರೊಂಡೊದ 107ಕ್ಕೆ ಮಾತ್ರ ಪುನರಾವರ್ತನೆ ಒಂದೇ ಕಾರಣ ಅಲ್ಲ. 2022ರ ಈ ಧ್ವನಿಮುದ್ರಣದಲ್ಲಿ ನಡೆಯೂ ನಿಧಾನ, ತುಂಡಿನ ಮಧ್ಯೆ ಮೌನವೂ ಉದ್ದ. ಮೊದಲ ಸಲಕ್ಕೆ ಬೇಡ.

ಕಾಳೀಮೂರು
ನೊಟೇಶನ್ ಬ್ಯಾಡ್ರಿ ಶ್ರುತಿಪೆಟ್ಟಿಗೆಯವರ. ಎಡಗೈ ಸ್ವರ ಹಾಡಿಕೊಂಡ್ರ ಸಾಕು. ಆರಿಯಾದಾಗ ಒಂದು ಬಾರ್ ಅಂದ್ರ ಮೂರು ಮಾತ್ರೆ. ಮೊದಲಿನ ಎಂಟು ಬಾರ್‌ಗೆ ಒಂದೊಂದು ಸ್ವರ ಹಿಡೀರಿ:

ಸ · ನಿ · ದ · ಪ · ಗ · ಮ · ಪ · ಸ

ನಿಮ್ಮ ಶಂಕರಾಭರಣ, ನಮ್ಮ ಬಿಲಾವಲ್, ಅದ ಸ್ವರಸ್ಥಾನ. ಇಂಥಾ ಎಂಟರ ನಾಲ್ಕು ಕಂತು ಅದಾವು, ಒಟ್ಟು 32 ಬಾರ್. ಎರಡನೇ ಕಂತು ಪಂಚಮದ ಮ್ಯಾಲೆ ನಿಲ್ಲತದ. ಮೂರನೇದು ಧೈವತವನ್ನ ಷಡ್ಜ ಮಾಡಿಕೊಂಡು ಮೈನರ್ ಬಣ್ಣಕ್ಕ, ಅಂದ್ರ ಕೋಮಲ ಗಾಂಧಾರದ ಛಾಯೆಗೆ ಹೊಳ್ಳತದ. ನಾಲ್ಕನೇದು ಮತ್ತ ಮನಿಗೆ ಬರತದ. 30 ವೇರಿಯೇಶನ್ನೂ ಇದ ಅಡಿಪಾಯದ ಮ್ಯಾಲೆ ನಿಂತಾವು.

ಹೊಸಬರು ಎಡವೋದು ಎಲ್ಲಿ ಅಂದ್ರ, ಆರಿಯಾದ ಮ್ಯಾಲಿನ ಧಾಟಿ ಹಿಡಕೊಂಡು 1ನೇ ವೇರಿಯೇಶನ್ನಿನಾಗ ಅದನ್ನ ಹುಡುಕತಾರ. ಅದು ಸಿಗಂಗಿಲ್ಲರಿ. ಕಡೀ ಆರಿಯಾದಾಗ ಬಂದಾಗಲೇ ಅದು ಮತ್ತ ಸಿಗೋದು.

ಶ್ರುತಿ ಬಗ್ಗೆ ಇನ್ನೊಂದು ಮಾತು. ಪಿಯಾನೊದಾಗ ರಿಷಭದ ಆ ‘ಎ’ ಸ್ವರ 440 ಹರ್ಟ್ಸ್ ಇಟ್ಟಿರತಾರ, ಆಗ ಷಡ್ಜ ನಿಮ್ಮ ಐದು ಮನೆಗೆ ಬರತದ. ಹಾರ್ಪ್ಸಿಕಾರ್ಡ್ (ತಂತಿ ಮೀಟೋ ಕೀಲಿಮಣೆ ವಾದ್ಯ) ಧ್ವನಿಮುದ್ರಣ ಈಗ ಬಹಳ ಮಟ್ಟಿಗೆ 415ಕ್ಕ ಇರತಾವು, ಅಂದ್ರ ಅರ್ಧ ಮನೆ ಕೆಳಗ. ನಿಮಗ ನಾಲ್ಕೂವರೆ ಮನೆ, ನಮಗ ಕಾಳೀ ಮೂರು. ಎರಡು ಧ್ವನಿಮುದ್ರಣ ಬೆನ್ನಿಗೆ ಬೆನ್ನು ಹಚ್ಚಿ ಕೇಳಿದ್ರ ‘ಇದ್ಯಾಕ ಶ್ರುತಿ ಇಳದದ’ ಅನ್ನಿಸತದ. ಮಷೀನ್ ಕೆಟ್ಟಿಲ್ಲರಿ. ತಂಬೂರಿ ಆಪ್ ಹಚ್ಚಿ ಕೂಡಬ್ಯಾಡ್ರಿ ಮತ್ತ, ಮೊದಲ ಎಂಟು ಬಾರ್ ಚಂದ ಕೂಡತದ, ಒಂಬತ್ತರಿಂದ ಜಗಳ ಸುರು.

ಶ್ರುತಿಪೆಟ್ಟಿಗೆ
ಸ ನಿ ದ ಪ ಗ ಮ ಪ ಸ ಸಿಕ್ಕಿತು! ಆರಿಯಾದಲ್ಲಿ ಸ್ಪಷ್ಟ ಇದೆ, 1ರಲ್ಲೂ ಹಿಡಿಯಬಹುದು. ಆದರೆ 25ರಲ್ಲಿ ಪೂರ್ತಿ ಕಳೆದುಹೋಯಿತು.

ಮಂದ್ರಸ್ಥಾಯಿ
25ರಲ್ಲಿ ಕಳೆದುಹೋಗೋದು ಸಹಜ. ಮೈನರ್‌ನಲ್ಲಿರೋದು ಮೂರೇ: 15, 21, 25. ಅವುಗಳಲ್ಲಿ ತಳದ ಸ್ವರಗಳ ಮಧ್ಯೆ ಅರ್ಧರ್ಧ ಮೆಟ್ಟಿಲು ತುಂಬಿರುತ್ತದೆ, 25ರಲ್ಲಿ ವಿಪರೀತ. ಹಾರ್ಪ್ಸಿಕಾರ್ಡ್ ವಾದಕಿ ವಾಂಡಾ ಲಾಂಡೊವ್‌ಸ್ಕಾ ಅದನ್ನು ‘ಕಪ್ಪು ಮುತ್ತು’ ಅಂತ ಕರೆದದ್ದು ಸುಮ್ಮನೆ ಅಲ್ಲ.

ನಕ್ಷೆ ಹೀಗಿದೆ. ಪ್ರತಿ ಮೂರನೆಯದು ಕ್ಯಾನನ್, ಅಂದರೆ ಒಂದು ಧ್ವನಿ ಹೊರಟ ಮೇಲೆ ಇನ್ನೊಂದು ಅದನ್ನೇ ಹಿಂಬಾಲಿಸುತ್ತದೆ. 3ರಲ್ಲಿ ಅದೇ ಸ್ವರದಿಂದ, 6ರಲ್ಲಿ ಒಂದು ಸ್ವರ ದೂರದಿಂದ, 9ರಲ್ಲಿ ಇನ್ನೂ ಒಂದು, ಹೀಗೆ 27ರ ತನಕ ದೂರ ಬೆಳೆಯುತ್ತಾ ಹೋಗುತ್ತದೆ. 16 ಫ್ರೆಂಚ್ ಓವರ್‌ಚರ್, ಅಂದರೆ ಗಂಭೀರವಾದ ಆರಂಭಸಂಗೀತದ ಶೈಲಿ, ಅಲ್ಲಿಂದ ದ್ವಿತೀಯಾರ್ಧ. 30ನೆಯದು ಕ್ಯಾನನ್ ಆಗಬೇಕಿತ್ತು, ಆದರೆ ಅಲ್ಲಿ ಬಾಖ್ ಜನಪದ ಹಾಡುಗಳ ಕಲಬೆರಕೆ ಮಾಡಿ ನಗಿಸುತ್ತಾನೆ.

ಮೊದಲ ಸಲಕ್ಕೆ 32ನ್ನೂ ಒಟ್ಟಿಗೆ ಕೇಳಬೇಡಿ. ಆರಿಯಾ, 1, 3, 7, 13, 15 ಒಂದು ಸಂಜೆ. 16, 18, 25, 26, 29, 30, ಆರಿಯಾ ಇನ್ನೊಂದು ಸಂಜೆ. 25 ಮುಗಿದ ತಕ್ಷಣ 26 ಬರಲೇಬೇಕು, ಆ ಜಿಗಿತವೇ ಅರ್ಧ ಮಜಾ.

ಎರಡು_ಮನೆ_ವಾದ್ಯ
ಎಲ್ಲರೂ ಪಿಯಾನೊ ಬಗ್ಗೆಯೇ ಮಾತಾಡ್ತಿದ್ದೀರಿ. 1741ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾದ ಪುಸ್ತಕದ ಮುಖಪುಟದಲ್ಲೇ ಎರಡು ಕೀಲಿಮಣೆ ಇರುವ ಹಾರ್ಪ್ಸಿಕಾರ್ಡ್‌ಗಾಗಿ ಅಂತ ಬರೆದಿದೆ. 8, 11, 13, 14, 17, 20, 23, 25, 26, 27, 28: ಇಷ್ಟೂ ಎರಡು ಮಣೆಗೆ ಅಂತ ಬಾಖ್ ನಮೂದಿಸಿದ್ದಾನೆ. 5, 7, 29 ಒಂದರಲ್ಲಾದರೂ ಸೈ, ಎರಡರಲ್ಲಾದರೂ ಸೈ.

ಕಾರಣ ಬಹಳ ಸರಳ. ಈ ತುಂಡುಗಳಲ್ಲಿ ಎರಡೂ ಕೈ ಒಂದೇ ಸ್ಥಾಯಿಯಲ್ಲಿ ಓಡಾಡುತ್ತವೆ, ಒಂದರ ಮೇಲೊಂದು ದಾಟುತ್ತವೆ. ಎರಡು ಮಣೆ ಇದ್ದರೆ ಒಂದು ಕೈ ಮೇಲೆ, ಒಂದು ಕೆಳಗೆ. ಎರಡು ಮಣೆಯ ತಂತಿಗಳ ನಾದವೂ ಬೇರೆ, ಹಾಗಾಗಿ ಯಾವ ಕೈ ಏನು ಮಾಡ್ತಿದೆ ಅಂತ ಕಿವಿಗೆ ಬಿಡಿಬಿಡಿಯಾಗಿ ಸಿಗುತ್ತದೆ. ಪಿಯಾನೊದಲ್ಲಿ ಒಂದೇ ಮಣೆ, ಬೆರಳುಗಳು ಒಂದೇ ಕೀಲಿಗೆ ಬಂದು ಢಿಕ್ಕಿ ಹೊಡೆಯುತ್ತವೆ. ಒಂದು ಕೈ ಸ್ವರ ಬಿಟ್ಟುಕೊಡಬೇಕಾಗುತ್ತದೆ.

ಕಣ್ಣಾರೆ ನೋಡಬೇಕಾದರೆ ನೆದರ್‌ಲ್ಯಾಂಡ್ಸ್ ಬಾಖ್ ಸೊಸೈಟಿಯ ಉಚಿತ ವಿಡಿಯೊ ಇದೆ, ಅಲ್ಲೂ ನುಡಿಸಿರೋದು ರೊಂಡೊ. 20 ಮತ್ತು 26ರಲ್ಲಿ ಕೈ ನೋಡಿ. ಕೇಳಲಿಕ್ಕೆ ನನ್ನ ಮತ ಪಿಯೆರ್ ಹಾಂತಾಯ್‌ಗೆ, 1992ರದ್ದು ಅಥವಾ 2003ರದ್ದು.

ಹಳೇತಟ್ಟೆ
ಲಾಂಡೊವ್‌ಸ್ಕಾ ಹೆಸರು ಬಂದಿದ್ದರಿಂದ ಎಚ್ಚರಿಕೆ. 1933ರಲ್ಲಿ ಪ್ಯಾರಿಸ್‌ನಲ್ಲಿ ಮಾಡಿದ್ದು 78 ಆರ್‌ಪಿಎಂ ತಟ್ಟೆಗಳಿಗೆ, ಒಂದು ಮಗ್ಗುಲಿಗೆ ನಾಲ್ಕು ನಿಮಿಷ ಚಿಲ್ಲರೆ. 1945ರದ್ದು ನ್ಯೂಯಾರ್ಕ್‌ನದು. ಆಕೆಯ ವಾದ್ಯ ಪ್ಲೆಯೆಲ್ ಕಂಪನಿ 20ನೇ ಶತಮಾನದಲ್ಲಿ ಕಟ್ಟಿದ ಹಾರ್ಪ್ಸಿಕಾರ್ಡ್: ಒಳಗೆ ಲೋಹದ ಚೌಕಟ್ಟು, ಕಾಲಿನಲ್ಲಿ ಪೆಡಲ್‌ಗಳು, ಒಂದು ಸ್ಥಾಯಿ ಕೆಳಗೆ ಮೊಳಗುವ 16 ಅಡಿ ಸ್ಟಾಪ್ ಅನ್ನೋ ತಂತಿಸಾಲು. ಬಾಖ್ ಕಾಲದ ಮಾದರಿ ನೋಡಿ ಕಟ್ಟಿದ ಈಗಿನ ವಾದ್ಯಗಳ ಜತೆ ಹೋಲಿಸಿ ‘ಹಾರ್ಪ್ಸಿಕಾರ್ಡ್ ಅಂದರೆ ಹೀಗೆ’ ಅಂತ ತೀರ್ಮಾನಿಸಬೇಡಿ. ನುಡಿಸಾಣಿಕೆ ಮಾತ್ರ ಇವತ್ತಿಗೂ ಮೈ ಜುಮ್ಮೆನಿಸುತ್ತದೆ.

ಶ್ರುತಿಪೆಟ್ಟಿಗೆ
ಹಾಂತಾಯ್ ಹಾಕಿದೆ. ಕೇಳೋಕೆ ಚೆನ್ನಾಗಿದೆ, ಆದರೆ ಹತ್ತು ನಿಮಿಷಕ್ಕೆ ಕಿವಿ ಚುಚ್ಚಿದ ಹಾಗೆ ಆಗುತ್ತದೆ. ತುಂಡಿನ ಮಧ್ಯೆ ‘ಟಕ್’ ಅಂತ ಕಡಿದು ಹೋಗುತ್ತದೆ. ವಾದ್ಯವೇ ಹೀಗೋ?

ಗ್ಯಾಪ್‌ಲೆಸ್
ತೊಂಬತ್ತು ಪಾಲು ಸೆಟ್ಟಿಂಗ್ ತಪ್ಪು. ಒಂದೊಂದೇ ನೋಡೋಣ.

ಮೊದಲು ಧ್ವನಿಮಟ್ಟ. ಹಾರ್ಪ್ಸಿಕಾರ್ಡ್‌ನಲ್ಲಿ ತಂತಿಯನ್ನು ಮೀಟಲಾಗುತ್ತದೆ, ಬೆರಳು ಒತ್ತಿದಷ್ಟು ಜೋರಾಗಲ್ಲ. ಆದ್ದರಿಂದ ಮೆಲುದನಿ ಇಲ್ಲವೇ ಇಲ್ಲ, ಶುರುವಿನಿಂದ ಕೊನೆವರೆಗೂ ಒಂದೇ ಮಟ್ಟ. ಪಿಯಾನೊ ಕೇಳುವ ಮಟ್ಟದಲ್ಲೇ ಬಿಟ್ಟರೆ ಕಿವಿ ಸೋಲುತ್ತದೆ. ನಿಜವಾದ ಹಾರ್ಪ್ಸಿಕಾರ್ಡ್ ಸಣ್ಣ ದನಿಯ ವಾದ್ಯ. ಪಕ್ಕದಲ್ಲಿ ಕೂತು ಮಾತಾಡುವವರ ದನಿಗಿಂತ ಜೋರಿರಬಾರದು, ಅಷ್ಟಕ್ಕೆ ಇಳಿಸಿ. ಡೆಸಿಬಲ್ ತೋರಿಸುವ ಆಂಪ್ಲಿಫೈಯರ್ ಇದ್ದರೆ ಪಿಯಾನೊಗಿಂತ 6ರಿಂದ 8 ಕಡಿಮೆ ಇಟ್ಟು ನೋಡಿ. ಎರಡು ನಿಮಿಷದಲ್ಲಿ ಕಿವಿ ಹೊಂದಿಕೊಳ್ಳುತ್ತದೆ. ಫ್ಯಾನ್ ಆರಿಸಿದರೆ ಇನ್ನೂ ಇಳಿಸಬಹುದು.

ಎರಡು, ವಾಲ್ಯೂಮ್ ನಾರ್ಮಲೈಸೇಶನ್, ಅಂದರೆ ಆಪ್ ತಾನೇ ಧ್ವನಿಮಟ್ಟ ಸಮ ಮಾಡೋದು. ಆಪ್‌ನಲ್ಲಿ ‘ಟ್ರ್ಯಾಕ್’ ಮತ್ತು ‘ಆಲ್ಬಮ್’ ಅಂತ ಎರಡು ಬಗೆ ಇದ್ದರೆ ‘ಆಲ್ಬಮ್’ ಇಡಿ, ಇಲ್ಲದಿದ್ದರೆ ಪೂರ್ತಿ ಆರಿಸಿ. ‘ಟ್ರ್ಯಾಕ್’ ಇಟ್ಟರೆ ಮೆಲ್ಲಗೆ ನುಡಿಸಿದ ಆರಿಯಾ ಮತ್ತು ಗುಡುಗುವ 29 ಎರಡೂ ಒಂದೇ ಎತ್ತರಕ್ಕೆ ಬರುತ್ತವೆ. ಪಿಯಾನೊ ಧ್ವನಿಮುದ್ರಣ ಇದರಿಂದ ಹಾಳಾಗುವಷ್ಟು ಬೇರೆ ಯಾವುದರಿಂದಲೂ ಆಗಲ್ಲ.

ಮೂರು, ಆ ‘ಟಕ್’. ಕ್ರಾಸ್‌ಫೇಡ್ ಸೊನ್ನೆ ಮಾಡಿ, ಗ್ಯಾಪ್‌ಲೆಸ್ ಆನ್ ಮಾಡಿ, ಷಫಲ್ ಆಫ್ ಇದೆಯಾ ನೋಡಿ. 32 ಟ್ರ್ಯಾಕ್‌ಗಳ ನಡುವಿನ ಮೌನವನ್ನು ನುಡಿಸಿದವರು ಅಳೆದು ಇಟ್ಟಿರುತ್ತಾರೆ. ಕ್ರಾಸ್‌ಫೇಡ್ ಇದ್ದರೆ ಒಂದರ ಕೊನೆಯ ಸ್ವರದ ಮೇಲೆ ಮುಂದಿನದು ಬಂದು ಬೀಳುತ್ತದೆ. ನೀವೇ ಇಳಿಸಿಕೊಂಡ ಎಂಪಿ3 ಆದರೆ, ಪ್ರತಿ ಫೈಲಿನ ಹಿಂದೆ ಮುಂದೆ ಎನ್‌ಕೋಡರ್ ಸ್ವಲ್ಪ ಖಾಲಿ ಜಾಗ ಸೇರಿಸಿರುತ್ತದೆ, ಹಳೆಯ ಪ್ಲೇಯರ್‌ಗಳು ಅದನ್ನು ತೆಗೆಯುವುದಿಲ್ಲ. ಏನೂ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ಫೈಲಿನಲ್ಲಿ ಈ ತಾಪತ್ರಯ ಇಲ್ಲ.

ನಾಲ್ಕು, ಬಿಟ್‌ರೇಟ್. ಎಂಪಿ3ಯನ್ನು ಸೋಲಿಸುವ ವಾದ್ಯಗಳಲ್ಲಿ ಹಾರ್ಪ್ಸಿಕಾರ್ಡ್ ಮುಂಚೂಣಿಯಲ್ಲಿದೆ. ಎನ್‌ಕೋಡರ್ ಸದ್ದನ್ನು ಸಣ್ಣ ಸಣ್ಣ ತುಂಡು ಮಾಡಿ ಕುಗ್ಗಿಸುತ್ತದೆ. ತುಂಡಿನ ಮಧ್ಯದಲ್ಲಿ ಮೀಟು ಬಂದರೆ, ಕುಗ್ಗಿಸಿದಾಗ ಹುಟ್ಟುವ ಗಲಿಬಿಲಿ ಇಡೀ ತುಂಡಿಗೆ ಹರಡುತ್ತದೆ. ಮೀಟಿಗೆ ಮುಂಚೆಯೇ ‘ಸ್ಸ್’ ಅಂತ ಕೇಳಿಸುತ್ತದೆ. 128 ಕೆಬಿಪಿಎಸ್‌ನಲ್ಲಿ ತಂತಿ ಮೀಟಿದ್ದು ತಗಡು ಕೆರೆದ ಹಾಗಾಗುತ್ತದೆ. 256 ಕೆಬಿಪಿಎಸ್‌ನ ಎಎಸಿ ಫೈಲ್ ಅಥವಾ ಅದಕ್ಕಿಂತ ಮೇಲಿದ್ದರೆ ಚಿಂತೆ ಇಲ್ಲ. ಮೊಬೈಲ್ ಡೇಟಾದಲ್ಲಿ ಕೇಳುವಾಗ ಆಪ್ ತಾನಾಗಿಯೇ ಗುಣಮಟ್ಟ ಇಳಿಸುತ್ತದೆ, ‘ಆಟೊ’ ಬಿಟ್ಟು ‘ಹೈ’ ಮಾಡಿ.

ಶ್ರುತಿಪೆಟ್ಟಿಗೆ
ಕ್ರಾಸ್‌ಫೇಡ್ 5 ಸೆಕೆಂಡ್ ಇತ್ತು. ಸೊನ್ನೆ ಮಾಡಿ, ದನಿ ಅರ್ಧಕ್ಕೆ ಇಳಿಸಿದೆ. ಬೇರೆ ವಾದ್ಯವೇ ಅನ್ನಿಸುತ್ತಿದೆ. ಈಗ ಗೌಲ್ಡ್ ವಿಷಯ: 1955ಓ 1981ಓ?

ಪಿಯಾನೊಪ್ರಿಯ
1981. ಅದು ಎಲ್ಲ ಕಡೆ ನಿಧಾನ, ಪ್ರೌಢ. 1955 ಹುಡುಗಾಟ.

ಪಂಚಮವೇದ
‘ಎಲ್ಲ ಕಡೆ’ ಅನ್ನಬೇಡಿ. ಆರಿಯಾ 1955ರಲ್ಲಿ 2 ನಿಮಿಷದೊಳಗೆ ಮುಗಿಯುತ್ತದೆ, 1981ರಲ್ಲಿ 3 ನಿಮಿಷ. ಅದು ಸರಿ. ಆದರೆ 25ನೆಯದು 1955ರಲ್ಲಿ 6 ನಿಮಿಷ 28 ಸೆಕೆಂಡು, 1981ರಲ್ಲಿ 6 ನಿಮಿಷ 3 ಸೆಕೆಂಡು. ಹಳೆಯದೇ ನಿಧಾನ. 1981ರಲ್ಲಿ ಗೌಲ್ಡ್ ಇಡೀ ಕೃತಿಗೆ ಒಂದೇ ನಾಡಿಬಡಿತ ಇಟ್ಟು, ಒಂದೊಂದು ವೇರಿಯೇಶನ್ನಿಗೂ ಅದರ ಭಾಗವನ್ನೋ ಗುಣಕವನ್ನೋ ಹಿಡಿಯಲು ಹೊರಟಿದ್ದು. ತಾಳ ಬದಲಾಯಿಸದೆ ನಡೆ ಬದಲಾಯಿಸಿದ ಹಾಗೆ. ಕರ್ನಾಟಕ ಸಂಗೀತದ ಕಿವಿಗೆ ಇದು ಬೇಗ ಹಿಡಿಯುತ್ತದೆ. ಬೇಕಾದರೆ 16ರಿಂದ 18ರವರೆಗೆ ಕೈಯಲ್ಲಿ ತಾಳ ಹಾಕಿ ನೋಡಿ.

1981ರದ್ದು ಕೊಳ್ಳುವುದಾದರೆ 2002ರಲ್ಲಿ 1955ರದ್ದರ ಜತೆ ಸೇರಿಸಿ ಹೊರತಂದ ಜೋಡಿ ತಗೊಳ್ಳಿ. ಮೊದಲು ಬಂದ ಸಿ.ಡಿ. ಆರಂಭಕಾಲದ ಡಿಜಿಟಲ್ ಮುದ್ರಣದಿಂದ ಮಾಡಿದ್ದು, ಸ್ವಲ್ಪ ಒಣಕಲು. ಅದೇ ಹೊತ್ತಿಗೆ ಅನಲಾಗ್ ಟೇಪೂ ಓಡುತ್ತಿತ್ತು, 2002ರದ್ದು ಆ ಟೇಪಿನಿಂದ ತಯಾರಾಗಿದೆ. ನಡುನಡುವೆ ಕೇಳಿಸುವ ಗುನುಗು ಗೌಲ್ಡ್‌ದೇ, ಸ್ಪೀಕರ್ ರಿಪೇರಿಗೆ ಕೊಡಬೇಡಿ.

ಎರಡು_ಮನೆ_ವಾದ್ಯ
ಗೌಲ್ಡ್ ಮೊದಲು ಕೇಳಿದವರಿಗೆ ಆಮೇಲೆ ಬೇರೆ ಯಾವುದೂ ಹಿಡಿಸದೆ ಹೋಗುವ ಅಪಾಯ ಇದೆ. ಪಿಯಾನೊದಲ್ಲೇ ಶುರು ಮಾಡುವುದಾದರೆ ಪೆರಾಯ, 2000ದ್ದು. ಅಥವಾ ಅಂದ್ರಾಶ್ ಶಿಫ್ 2001ರಲ್ಲಿ ಬಾಸೆಲ್‌ನ ಕಛೇರಿಯಲ್ಲಿ ನುಡಿಸಿದ್ದು. ಮರಳಿ ನುಡಿಸುವಾಗ ಅಲಂಕಾರ ಬದಲಾಗುವುದು ಇವರಲ್ಲಿ ಚೆನ್ನಾಗಿ ಕೇಳುತ್ತದೆ. ಮೊದಲ ಸಲ ಸಾದಾ, ಎರಡನೇ ಸಲ ಒಂದೆರಡು ಸಂಗತಿ. ಪುನರಾವರ್ತನೆ ಬೇಕಿರುವುದೇ ಅದಕ್ಕೆ. ಎರಡು ಸಲವೂ ಪಡಿಯಚ್ಚು ತೆಗೆದ ಹಾಗೆ ನುಡಿಸುವವರಾದರೆ ಗೌಲ್ಡ್ ಬಿಟ್ಟದ್ದೇ ವಾಸಿ.

ಪಿಯಾನೊಪ್ರಿಯ
25ರ ವಿಷಯ ಒಪ್ಪಿದೆ, ಗಡಿಯಾರ ಹಿಡಿದು ನೋಡಿದೆ. ಹೊಸದರಲ್ಲಿ ವಿಕಿಂಗುರ್ ಓಲಾಫ್ಸನ್ 2023ರದ್ದೂ ಸೇರಿಸಿ. ವೇಗದವು ಸ್ಫಟಿಕದ ಹಾಗಿವೆ. ನಿದ್ದೆ ಬಾರದ ಕೈಸರ್‌ಲಿಂಗ್ ದೊರೆಗಾಗಿ ಬರೆದದ್ದು ಅನ್ನೋದು ಇಷ್ಟು ಚುರುಕಾಗಿ ಕೇಳಿದರೆ ನಂಬಲು ಕಷ್ಟ!

ಹಳೇತಟ್ಟೆ
ನಂಬಬೇಕಾಗಿಯೂ ಇಲ್ಲ. ಆ ಕಥೆ ಬರೋದು 1802ರಲ್ಲಿ ಫೋರ್ಕೆಲ್ ಬರೆದ ಜೀವನಚರಿತ್ರೆಯಲ್ಲಿ, ಬಾಖ್ ಸತ್ತು ಅರ್ಧ ಶತಮಾನ ಆದ ಮೇಲೆ. ಅಚ್ಚಾದ ಪುಸ್ತಕದಲ್ಲಿ ದೊರೆಗೆ ಅರ್ಪಣೆಯೂ ಇಲ್ಲ. ದೊರೆಗೆ ನುಡಿಸಿದನೆನ್ನುವ ಗೋಲ್ಡ್‌ಬರ್ಗ್ ಹುಟ್ಟಿದ್ದು 1727ರಲ್ಲಿ, ಆಗ ಅವನಿಗೆ 14.

ಕಥೆಗಿಂತ ಉಪಯೋಗದ ಸಂಗತಿ ಇದು: ಬಾಖ್ ತನ್ನ ಬಳಿ ಇಟ್ಟುಕೊಂಡಿದ್ದ ಅಚ್ಚುಪ್ರತಿ 1974ರಲ್ಲಿ ಸ್ಟ್ರಾಸ್‌ಬುರ್ಗ್‌ನಲ್ಲಿ ಸಿಕ್ಕಿತು. ಅದರಲ್ಲಿ 7ನೆಯದಕ್ಕೆ ‘ಜೀಗ್ ನಡೆಯಲ್ಲಿ’ ಅಂತ ಕೈಬರಹ ಇದೆ. ಜೀಗ್ ಅಂದರೆ ಕುಣಿತ. ಅದಕ್ಕೂ ಮುಂಚಿನ ಕೆಲವು ಧ್ವನಿಮುದ್ರಣಗಳಲ್ಲಿ 7 ತೂಗುಮಂಚದ ಹಾಗೆ ತೂಗಾಡುತ್ತದೆ, ಅವರಿಗೆ ಈ ಮಾತು ಗೊತ್ತಿರಲಿಲ್ಲ. ಈಗಿನವರು ನಿಧಾನ ನುಡಿಸಿದರೆ ಅದು ಅವರ ಇಷ್ಟ. ಅದೇ ಪ್ರತಿಯ ಕೊನೆಯ ಹಾಳೆಯಲ್ಲಿ ಮೊದಲ ಎಂಟು ಸ್ವರಗಳ ಮೇಲೆ 14 ಪುಟ್ಟ ಕ್ಯಾನನ್ ಬರೆದಿಟ್ಟಿದ್ದಾನೆ, ಬಿಡಬ್ಲ್ಯುವಿ (ಬಾಖ್ ಕೃತಿಗಳ ಪಟ್ಟಿಯ ಸಂಖ್ಯೆ) 1087 ಅಂತ ಹುಡುಕಿ.

ಗ್ಯಾಪ್‌ಲೆಸ್
ಹುಡುಕುವ ಬಗ್ಗೆ: ‘ಗೋಲ್ಡ್‌ಬರ್ಗ್’ ಅಂತ ಮಾತ್ರ ಹಾಕಿದರೆ ನಿದ್ದೆಗೆ, ಓದಿಗೆ ಅಂತ ಯಾರೋ ಕಟ್ಟಿದ ಪ್ಲೇಲಿಸ್ಟ್‌ಗಳೇ ಬರುತ್ತವೆ. ಈ ಕೃತಿಯ ಬಿಡಬ್ಲ್ಯುವಿ ಸಂಖ್ಯೆ 988, ನುಡಿಸಿದವರ ಹೆಸರು, ವರ್ಷ ಮೂರನ್ನೂ ಇಂಗ್ಲಿಷಿನಲ್ಲಿ ಹಾಕಿ. ಆಲ್ಬಮ್ ಕೆಳಗೆ ಕಾಣುವ ವರ್ಷ ಮರುಬಿಡುಗಡೆಯದೂ ಆಗಿರಬಹುದು. ಗೌಲ್ಡ್, ಲಿಯೊನ್‌ಹಾರ್ಟ್ ಇಬ್ಬರದೂ ಒಂದಕ್ಕಿಂತ ಹೆಚ್ಚು ಇವೆ, ಒಟ್ಟು ಅವಧಿ ನೋಡಿದರೆ ಯಾವುದು ಅಂತ ತಕ್ಷಣ ತಿಳಿಯುತ್ತದೆ. ಟ್ರ್ಯಾಕ್ 32 ಇಲ್ಲದಿದ್ದರೆ ಬಿಟ್ಟುಬಿಡಿ.

ದುಡ್ಡು ಕೊಡದೆ ನ್ಯಾಯವಾಗಿ ಇಳಿಸಿಕೊಳ್ಳಬೇಕಾದರೆ ಕಿಮಿಕೊ ಇಶಿಝಾಕಾ 2012ರಲ್ಲಿ ಬರ್ಲಿನ್‌ನ ಸ್ಟುಡಿಯೊದಲ್ಲಿ ಬೋಸೆನ್‌ಡಾರ್ಫರ್ ಪಿಯಾನೊದಲ್ಲಿ ನುಡಿಸಿದ್ದು ಇದೆ. ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟು ಸಾರ್ವಜನಿಕ ಸ್ವತ್ತಾಗಿ ಕೊಟ್ಟಿದ್ದಾರೆ.

ಮೈಸೂರುಪಾಕ
ಪಶ್ಚಿಮದ ಸಂಗೀತದ ಧ್ವನಿಮುದ್ರಣ ಅಂದಮೇಲೆ ನಮ್ಮ ಜಯಚಾಮರಾಜ ಒಡೆಯರ್ ನೆನಪಾಗಲೇಬೇಕಲ್ಲ. ರಷ್ಯಾದ ಸಂಗೀತರಚನಕಾರ ಮೆಟ್ನರ್ ಲಂಡನ್ನಿನಲ್ಲಿ ತಮ್ಮ ಕೃತಿಗಳನ್ನು ತಾವೇ ನುಡಿಸಿ ಎಚ್‌ಎಂವಿಗೆ ಮುದ್ರಿಸಲು ಹಣ ಕೊಟ್ಟವರು ಅವರು. ಮೂರನೇ ಪಿಯಾನೊ ಕಂಚೆರ್ಟೊ ಮಹಾರಾಜರಿಗೇ ಅರ್ಪಣೆ. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್‌ನ ‘ನಾಲ್ಕು ಕೊನೆಯ ಹಾಡುಗಳು’ ಲಂಡನ್ನಿನಲ್ಲಿ ಮೊದಲ ಸಲ ಹಾಡಿದ್ದರ ಹಿಂದೆಯೂ ಅವರ ಬೆಂಬಲ ಇತ್ತು.

ಮಂದ್ರಸ್ಥಾಯಿ
ಹೆಮ್ಮೆಯ ವಿಷಯ, ಆದರೆ ಬಾಖ್‌ನ ಬರೋಕ್ ಯುಗಕ್ಕೆ 200 ವರ್ಷ ಆಚೆ. ಪಾಕದವರೇ, ಅದಕ್ಕೊಂದು ಬೇರೆ ಎಳೆ ಶುರು ಮಾಡಿ, ಅಲ್ಲಿಗೂ ಬರ್ತೀವಿ.

ಶ್ರುತಿಪೆಟ್ಟಿಗೆ
ಎರಡು ಸಂಜೆಯ ಪಟ್ಟಿ ಪೆರಾಯನಲ್ಲಿ ಮುಗಿಯಿತು, ಹಾಂತಾಯ್‌ನಲ್ಲಿ ಇಡೀ ಕೃತಿಯೂ ಆಯಿತು. ಮುಂದೆ ಏನು?

ಕಾಳೀಮೂರು
ಹ್ಯಾಂಡಲ್‌ನ ಜಿ ಮೇಜರ್ ಶಾಕೋನ್ ಹಚ್ಚರಿ, ಹ್ಯಾಂಡಲ್ ಕೃತಿಗಳ ಪಟ್ಟಿಯಾಗ ಎಚ್‌ಡಬ್ಲ್ಯುವಿ 442. ಅದ ಸ ನಿ ದ ಪ ಗ ಮ ಪ ಸ, ಎಂಟು ಬಾರ್ ಅಷ್ಟ. ಅದರ ಮ್ಯಾಲೆ 62 ವೇರಿಯೇಶನ್! 1733ರಾಗ ಅಚ್ಚಾದದ್ದು, ಅಂದ್ರ ಬಾಖ್‌ಗಿಂತ ಮೊದಲ. ಇಲ್ಲಿ ಅಡಿಸ್ವರ ಎಂದೂ ಮನಿ ಬಿಟ್ಟು ಹೋಗಂಗಿಲ್ಲ, ಹಂಗಾಗಿ ಹಿಡಿಯೋದು ಸರಳ. ಕೇಳಿದ ಮ್ಯಾಲೆ ಬಾಖ್ 32 ಬಾರ್‌ಗೆ ಹಿಗ್ಗಿಸಿದ್ದರಾಗ ಏನು ಗಳಿಸಿದ ಅಂತ ತಾನ ತಿಳೀತದ.

ಎರಡು_ಮನೆ_ವಾದ್ಯ
ಎರಡು ಮಣೆಯ ರುಚಿ ಹತ್ತಿದ್ದರೆ ಬಾಖ್‌ನದೇ ಇಟಾಲಿಯನ್ ಕಂಚೆರ್ಟೊ, 1735. ಅದರಲ್ಲಿ ಯಾವ ಮಣೆ ಜೋರು, ಯಾವುದು ಮೆಲು ಅಂತ ಬಾಖ್ ಅಚ್ಚಿನಲ್ಲೇ ಗುರುತು ಹಾಕಿದ್ದಾನೆ. ಕ್ಲಾಸಿಕಲ್ ಯುಗಕ್ಕೆ ಇಳಿಯಬೇಕಾದರೆ 1793ರ ಹೈಡನ್, ಎಫ್ ಮೈನರ್ ವೇರಿಯೇಶನ್ಸ್. ಅಲ್ಲಿ ನಿಮಗೆ ಅಭ್ಯಾಸವಾದ ರೀತಿ ಸಿಗುತ್ತದೆ, ಮೇಲಿನ ಧಾಟಿಯೇ ಬದಲಾಗುತ್ತಾ ಹೋಗುತ್ತದೆ.

ಶ್ರುತಿಪೆಟ್ಟಿಗೆ
ಇನ್ನೊಂದೇ. 30ರಲ್ಲಿ ಜನಪದ ಹಾಡುಗಳ ಕಲಬೆರಕೆ ಅಂದಿರಿ. ಯಾವ ಹಾಡುಗಳು?

ಹಳೇತಟ್ಟೆ
ಮುಖ್ಯವಾಗಿ ಎರಡನ್ನು ಗುರುತಿಸುತ್ತಾರೆ. ಒಂದು, ‘ನಿನ್ನ ಹತ್ತಿರ ಬಂದು ಎಷ್ಟೋ ದಿನ ಆಯ್ತು, ಬಾ ಹತ್ತಿರ’ ಅನ್ನೋದು. ಮುಂದೆ ಆರಿಯಾ ಮರಳಿ ಬರುತ್ತದೆ ಅಂತ ನೆನೆದು ಕೇಳಿ. ಇನ್ನೊಂದು, ‘ಕೋಸು, ಟರ್ನಿಪ್ ತಿಂದು ತಿಂದು ಮನೆ ಬಿಟ್ಟು ಓಡಿದೆ, ಅಮ್ಮ ಮಾಂಸ ಬೇಯಿಸಿದ್ದರೆ ಇನ್ನಷ್ಟು ದಿನ ಇರ್ತಿದ್ದೆ’ ಅಂತ. ಎರಡೂ ಸೇರಿ ಅದೇ ಸ ನಿ ದ ಪ ಮೇಲೆ ಕೂರುತ್ತವೆ. ಶಿಫ್‌ನಲ್ಲಿ ಈ ತುಂಡು ಕೇಳಿ, ಕೋಸಿನ ಸಾಲು ಎಡಗೈಯಲ್ಲಿ ಬಂದಾಗಲೂ ಬಿಡಿಯಾಗಿ ಕಿವಿಗೆ ಬೀಳುತ್ತದೆ.